ನಿಶಿಕಸಾಯ್‌ನಲ್ಲಿ ‘ನಾಳೆ ಬಾ’ ಬಾಗಿಲು ಕಟ್ಟಿದ್ದು

2024ರ ಅಕ್ಟೋಬರ್ 26, ಶನಿವಾರ ಸಂಜೆ, ಹ್ಯಾಲೋವೀನ್‌ನ ದೆವ್ವದ ಆಟಕ್ಕೆ ಅಂತ ಕಟ್ಟಿದ ನಮ್ಮ ಬಾಗಿಲು ಎರಡೂವರೆ ಗಂಟೆ ನಿಂತಿತ್ತು. ಬೀಳಲಿಲ್ಲ. 27 ಮಕ್ಕಳು ಅದನ್ನು ತೆಗೆದು ಆಚೆ ಕತ್ತಲೆಗೆ ಹೋಗಿ, ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದು ವಾಪಸ್ ಬಂದರು. ಅವರಲ್ಲಿ ಕನ್ನಡ ಓದಲು ಬರುವವರು ನಾಲ್ಕೇ ಜನ. ಇದನ್ನು ಕಟ್ಟಲು ನಾಲ್ಕು ವಾರ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ತಪ್ಪು ದಾರಿಯಲ್ಲೇ ಕಳೆಯಿತು. ಮುಂದೆ ಯಾರಾದರೂ ಇಂಥದ್ದು ಮಾಡಲು ಹೊರಟರೆ ಅದೇ ತಪ್ಪು ಮಾಡದಿರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಎಲ್ಲಿ, ಯಾಕೆ

ನಾವಿರುವುದು ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿ. 2000ದ ಆಸುಪಾಸಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಭಾರತೀಯರು ಇಲ್ಲಿ ಮನೆ ಮಾಡುತ್ತಾ ಬಂದಿದ್ದಾರೆ. ನಮ್ಮ ದಾಂಚಿಯಲ್ಲಿ, ಅಂದರೆ ಒಂದೇ ಆವರಣದ ಫ್ಲ್ಯಾಟುಗಳಲ್ಲಿ, ತಮಿಳರು, ಪಂಜಾಬಿಗಳು, ಫಿಲಿಪಿನೊ ಮನೆಗಳು, ಒಂದು ಐರಿಶ್ ಕುಟುಂಬ, ಇಂಗ್ಲಿಷ್ ಕಲಿಸುವ ಇಬ್ಬರು ಅಮೆರಿಕನ್ನರು ಎಲ್ಲ ಇದ್ದೇವೆ.

ಟೋಕಿಯೊ ಹ್ಯಾಲೋವೀನ್ ಅಂದರೆ ಜನಕ್ಕೆ ನೆನಪಾಗುವುದು ಶಿಬುಯಾ, ಅಲ್ಲಿನ ಸ್ಟೇಷನ್ ಸುತ್ತ ವೇಷ ಹಾಕಿ ಬೀದಿಯಲ್ಲಿ ಸೇರುವ ಜನಜಂಗುಳಿ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ನಾವು ಯಾವತ್ತೋ ಬಿಟ್ಟೆವು. 2018ರಲ್ಲಿ ಆ ಗುಂಪು ಒಂದು ಸಣ್ಣ ಟ್ರಕ್ಕನ್ನೇ ಮಗುಚಿ ಹಾಕಿತ್ತು. 2022ರಲ್ಲಿ ಸಿಯೋಲ್‌ನ ಇಟೆವಾನ್ ಓಣಿಯ ನೂಕುನುಗ್ಗಲಲ್ಲಿ 159 ಜನ ಸತ್ತ ಮೇಲಂತೂ ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. 2023ರಲ್ಲಿ ಶಿಬುಯಾದ ಮೇಯರ್ರೇ ‘ಹ್ಯಾಲೋವೀನ್‌ಗೆ ಇಲ್ಲಿಗೆ ಬರಬೇಡಿ’ ಅಂತ ಕೇಳಿಕೊಂಡರು. 2024ರ ಅಕ್ಟೋಬರ್ 1ರಿಂದ ಅಲ್ಲಿ ಸ್ಟೇಷನ್ ಸುತ್ತ ಸಂಜೆ 6ರಿಂದ ಬೆಳಗಿನ 5ರವರೆಗೆ ರಸ್ತೆಯಲ್ಲಿ ಕುಡಿಯುವುದಕ್ಕೆ ವರ್ಷವಿಡೀ ನಿಷೇಧ. ಹೀಗಾಗಿ ನಮ್ಮ ಹಬ್ಬ ನಮ್ಮ ದಾಂಚಿಯ ಶೂಕೈಜೊದಲ್ಲೇ. ಅದು ಎಲ್ಲರೂ ಸೇರುವ ಒಂದು ಸಣ್ಣ ಹಾಲು.

ಈ ಸಲ ಒಂದು ನಿಯಮ ಮಾಡಿಕೊಂಡೆವು. ಪ್ರತಿ ಮನೆಯವರೂ ತಮ್ಮ ಊರಿನ ದೆವ್ವವನ್ನು ತರಬೇಕು. ಅಂಗಡಿಯ ಮುಖವಾಡ ಬೇಡ. ಫಿಲಿಪಿನೊ ಮನೆಯವರು ಸೊಂಟದಿಂದ ಮೇಲೆ ಕಿತ್ತುಕೊಂಡು ಹಾರುವ ಮನನಂಗ್ಗಲ್ ಮಾಡುತ್ತೇವೆ ಅಂದರು. ಪಂಜಾಬಿಗಳದು ಪಾದ ಹಿಂದುಮುಂದಾದ ಚುಡೈಲ್. ಐರಿಶ್ ಅಣ್ಣ ಕುಂಬಳಕಾಯಿ ಮುಟ್ಟುವುದಿಲ್ಲ ಅಂದ. ಅವರ ಕಡೆ ಹಿಂದೆ ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನಂತೆ. ಪಕ್ಕದ ಮನೆಯ ಜಪಾನಿ ಅಜ್ಜಿಗೆ ಇದೆಲ್ಲ ಅಕ್ಟೋಬರಿನಲ್ಲಿ ಯಾಕೆ ಅಂತ ಆಶ್ಚರ್ಯ. ಇಲ್ಲಿ ದೆವ್ವದ ಕಥೆ ಹೇಳುವುದು ಬೇಸಿಗೆಯಲ್ಲಿ, ಮೈ ತಣ್ಣಗಾಗಲಿ ಅಂತ.

ನನಗೆ ಯೋಚಿಸುವ ಕೆಲಸವೇ ಇರಲಿಲ್ಲ. 1990ರ ದಶಕದ ಬೆಂಗಳೂರು. ನಮ್ಮ ವಠಾರದ ಅಷ್ಟೂ ಬಾಗಿಲುಗಳ ಮೇಲೆ ‘ನಾಳೆ ಬಾ’. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಮನೆಯವರ ದನಿಯಲ್ಲೇ ಕರೆಯುತ್ತೆ, ತೆಗೆದರೆ ಮುಗೀತು. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ಹೋಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. ‘ಒಂದೇ ಸಲ ಕರೆದ್ರೆ ಓಗೊಡಬೇಡ, ಮೂರು ಸಲ ಕರೀಲಿ’ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಈ ದೆವ್ವಕ್ಕೆ ಮುಖವೇ ಇಲ್ಲ. ಇರುವುದು ಒಂದು ಬಾಗಿಲು, ಒಂದು ಸದ್ದು, ಎರಡು ಪದ. ಹಾಗಾಗಿ ಸದ್ದು ಸರಿ ಬರದಿದ್ದರೆ ಎಲ್ಲಾ ವ್ಯರ್ಥ ಅಂತ ಮೊದಲ ದಿನವೇ ಗೊತ್ತಿತ್ತು.

ಸೆಪ್ಟೆಂಬರ್ 28: ಅಳತೆ, ಮೊದಲ ತಪ್ಪು

ಹಾಲಿನ ಚಾವಣಿ 2.5 ಮೀಟರ್. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಂಟು ಉಳಿಯುವ ಟೇಪೂ ಬೇಡ. ಅಂದರೆ ಬಾಗಿಲು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಗುರ ಇರಲಿ ಅಂತ ಹೋಮ್ ಸೆಂಟರಿನಿಂದ ಪ್ಲಾದಾನ್ ತಂದೆ. ರಟ್ಟಿನ ಹಾಗೆ ಒಳಗೆ ಪೊಳ್ಳಿರುವ ಪ್ಲಾಸ್ಟಿಕ್ ಹಾಳೆ ಅದು. 910×1820 ಮಿ.ಮೀ., 4 ಮಿ.ಮೀ. ದಪ್ಪ, 900 ಯೆನ್.

ಮನೆಗೆ ತಂದು ಗೋಡೆಗೆ ಒರಗಿಸಿ ತಟ್ಟಿದೆ. ಟಪ್ ಟಪ್. ಬಕೆಟ್ ತಟ್ಟಿದ ಹಾಗೆ. ಬಣ್ಣ ಬಳಿದರೆ ಮರದ ಹಾಗೆ ಕಾಣಬಹುದು, ಕೇಳಿಸುವುದಿಲ್ಲ. ಅಂಗಡಿಯಲ್ಲೇ ಒಂದು ಸಲ ತಟ್ಟಿ ನೋಡಿದ್ದರೆ 900 ಯೆನ್ ಉಳಿಯುತ್ತಿತ್ತು.

ಅಕ್ಟೋಬರ್ 5: ಮರ

ಈ ಸಲ ತಟ್ಟಿ ನೋಡಿಯೇ ತಂದೆ. 2.5 ಮಿ.ಮೀ. ಲವಾನ್ ಪ್ಲೈವುಡ್ ಒಂದು ಹಾಳೆ, 1,380 ಯೆನ್. ಚೌಕಟ್ಟಿಗೆ ಒನ್-ಬೈ-ಫೋರ್ ಅನ್ನುವ ಪೈನ್ ಪಟ್ಟಿ. ಹೆಸರು ಹಾಗಿದ್ದರೂ ನಿಜವಾದ ಅಳತೆ 19×89 ಮಿ.ಮೀ. ಆರಡಿಯದು ಆರು ತಂದೆ, ಒಂದಕ್ಕೆ 450. ಅಂಗಡಿಯಲ್ಲೇ ಹತ್ತು ಕಡೆ ಕೊಯ್ಸಿದೆ, ಒಂದು ಕೊಯ್ತಕ್ಕೆ 50 ಯೆನ್. ಈ ಹಣ ಕೊಡಲು ಹಿಂದೆಮುಂದೆ ನೋಡಬೇಡಿ. ಮನೆಯಲ್ಲಿ ಕೊಯ್ದರೆ ಅಷ್ಟು ನೇರ ಬರುವುದಿಲ್ಲ.

ಬಾಗಿಲ ಅಳತೆ 750×1790. ಹಿಂದೆ ಮೂರು ಅಡ್ಡಪಟ್ಟಿ, ತಲಾ 700 ಮಿ.ಮೀ. ಅಡ್ಡಪಟ್ಟಿ ಇರುವುದು ಮನೆಯ ಒಳಬದಿ. ನೋಡಲು ವಠಾರದ ಹಳೇ ಬಾಗಿಲಿನ ಹಾಗೇ ಆಯಿತು. ಅದನ್ನು ನಾನು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಬಂತು. ಒಟ್ಟು ತೂಕ ಸುಮಾರು 4 ಕೆ.ಜಿ.

ಒಂದು ಅಡ್ಡಪಟ್ಟಿ 5 ಮಿ.ಮೀ. ಉದ್ದ ಉಳಿದಿತ್ತು. ಅದನ್ನು ಮನೆಯಲ್ಲೇ ಜಪಾನಿ ಗರಗಸದಲ್ಲಿ ಕೊಯ್ಯಲು ಹೋದೆ. ಇಲ್ಲಿಯ ಗರಗಸ ಕೊಯ್ಯುವುದು ಎಳೆಯುವಾಗ, ತಳ್ಳುವಾಗ ಅಲ್ಲ. ಕೈಗೆ ಅಭ್ಯಾಸವಾಗಿರುವುದು ಊರಿನ ಗರಗಸ. ಬಲವಾಗಿ ತಳ್ಳಿದೆ, ಅಲಗು ಬಾಗಿತು. ಅದು ಪಕ್ಕದ ಮನೆಯಿಂದ ಕೇಳಿ ತಂದಿದ್ದ ಗರಗಸ. ಹೊಸ ಅಲಗು ಕೊಂಡು ಹಾಕಿ ಕೊಟ್ಟೆ.

ಅಕ್ಟೋಬರ್ 6: ಮಗಳು ಕೇಳಿದ ಪ್ರಶ್ನೆ

ನನ್ನ ಯೋಜನೆ ಹೀಗಿತ್ತು. ಮಕ್ಕಳು ಈಚೆ ನಿಲ್ಲುತ್ತಾರೆ. ಆಚೆಯಿಂದ ದೆವ್ವ ತಟ್ಟುತ್ತೆ. ಮಕ್ಕಳು ಈಚೆ ಬದಿ ‘ನಾಳೆ ಬಾ’ ಬರೆಯುತ್ತಾರೆ. ಸದ್ದು ನಿಲ್ಲುತ್ತೆ.

ಒಂಬತ್ತು ವರ್ಷದ ಮಗಳು ನೋಡುತ್ತಾ ಕೂತಿದ್ದವಳು ಕೇಳಿದಳು: ‘ಅಪ್ಪಾ, ದೆವ್ವ ಇರೋದು ಆಚೆ ಅಲ್ವಾ? ಈಚೆ ಬರೆದ್ರೆ ಅದು ಹೇಗೆ ಓದುತ್ತೆ?’

ಎರಡು ವಾರದಿಂದ ತಲೆಯಲ್ಲಿ ತಿರುಗಿಸುತ್ತಿದ್ದರೂ ಇದು ನನಗೆ ಹೊಳೆದೇ ಇರಲಿಲ್ಲ. ಬರೆಯಬೇಕಾದ್ದು ಹೊರಬದಿಯಲ್ಲಿ. ಅಂದರೆ ಮಗು ಬಾಗಿಲು ತೆಗೆದು, ಸದ್ದು ಬಂದ ಕಡೆಗೇ ಹೋಗಿ, ಬರೆದು, ಒಳಗೆ ಬಂದು ಬಾಗಿಲು ಹಾಕಬೇಕು. ಇಡೀ ಆಟಕ್ಕೆ ಜೀವ ಬಂದದ್ದು ಇಲ್ಲಿಂದ. ಆದರೆ ಕೆಲಸವೂ ಜಾಸ್ತಿಯಾಯಿತು. ಸುಮ್ನೆ ನಿಲ್ಲುವ ಹಲಗೆಗೆ ಈಗ ಕೀಲು ಬೇಕು. ತೆಗೆದಾಗ ಬೀಳಬಾರದು. ತಟ್ಟುವವರು ಹೊರಗಡೆಯೇ ಇರಬೇಕು, ಮಗುವಿಗೆ ಕಾಣಬಾರದು.

ಅಕ್ಟೋಬರ್ 11, 12, 14: ತಟ್ಟುವ ಸದ್ದು

11ಕ್ಕೆ ಆಯುಧಪೂಜೆ. ಡ್ರಿಲ್ಲು, ಗ್ಲೂ ಗನ್, ಕಟರ್, ಅಳತೆಪಟ್ಟಿ ಎಲ್ಲ ಸಾಲಾಗಿಟ್ಟು ಅರಿಶಿನ ಕುಂಕುಮ ಇಟ್ಟೆವು. ನನ್ನ ಹೆಂಡತಿ ಬಾಗಿಲಿಗೂ ಇಟ್ಟಳು. ಅವತ್ತು ಯಾವ ಆಯುಧವನ್ನೂ ಮುಟ್ಟಲಿಲ್ಲ.

12ರಂದು ಮೊದಲ ಪ್ರಯತ್ನ, ಸರ್ವೊ ಮೋಟರ್, ಅಂದರೆ ಒಂದು ಸಣ್ಣ ತೋಳನ್ನು ಹೇಳಿದಷ್ಟೇ ತಿರುಗಿಸುವ ಮೋಟರ್. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಅಕಿಹಾಬಾರಾದಿಂದ ಎಸ್‌ಜಿ90 ಅನ್ನುವ ಮಾದರಿಯವು ಎರಡು ತಂದಿದ್ದೆ, 1,000 ಯೆನ್. ಅದರ ತೋಳಿಗೆ ಮರದ ಗುಂಡು ಕಟ್ಟಿದೆ. ತಟ್ಟಿತು, ಆದರೆ ಬೆರಳಲ್ಲಿ ಮೆಲ್ಲಗೆ ತಟ್ಟಿದಷ್ಟೇ ಸದ್ದು. ಅದಕ್ಕಿಂತ ದೊಡ್ಡ ತೊಂದರೆ, ತಟ್ಟುವ ಮೊದಲೇ ‘ಜ್‌ಜ್’ ಅಂತ ಮೋಟರಿನ ಸದ್ದು ಕೇಳಿಸುತ್ತಿತ್ತು. ಮಕ್ಕಳಿಗೆ ಅದು ಒಂದು ಸೆಕೆಂಡಿನಲ್ಲಿ ಗೊತ್ತಾಗಿಬಿಡುತ್ತೆ.

ಎರಡನೆಯದು 12 ವೋಲ್ಟಿನ ಸೊಲೆನಾಯ್ಡ್, ಅಂದರೆ ಕರೆಂಟು ಕೊಟ್ಟಾಗ ಒಳಗಿನ ಲೋಹದ ಕಡ್ಡಿಯನ್ನು ಥಟ್ಟನೆ ಚಲಿಸುವ ತಂತಿಯ ಸುರುಳಿ, 1,200 ಯೆನ್. ಜೋರಾಗಿಯೇ ಹೊಡೆಯಿತು. ಸದ್ದು ಮಾತ್ರ ‘ಟಿಕ್’, ಲೋಹದ್ದು. ಸ್ವಲ್ಪ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿಯಾಯಿತು. ಮಕ್ಕಳ ಕೈಗೆ ಎಟುಕುವ ಜಾಗದಲ್ಲಿ ಅದು ಬೇಡವೇ ಬೇಡ ಅಂತ ತೆಗೆದೆ.

14 ಸೋಮವಾರ ಇಲ್ಲಿ ಕ್ರೀಡಾ ದಿನದ ರಜೆ. ಅವತ್ತು ಕರೆಂಟನ್ನೇ ಬಿಟ್ಟು ದಾರಕ್ಕೆ ಬಂದೆ. 25 ಸೆಂ.ಮೀ. ಕೋಲಿನ ತುದಿಗೆ 30 ಮಿ.ಮೀ. ಮರದ ಗುಂಡು, ಇನ್ನೊಂದು ತುದಿಗೆ ಚಿಕ್ಕ ಕೀಲು. ದಾರ ಎಳೆದರೆ ಏಳುತ್ತೆ, ಬಿಟ್ಟರೆ ಬೀಳುತ್ತೆ, ಬೀಳುವಾಗ ಜೋರು ಬರಲಿ ಅಂತ ಒಂದು ರಬ್ಬರ್ ಬ್ಯಾಂಡ್. ಸದ್ದು ಹತ್ತಿರ ಬಂತು. ಆದರೂ ತೆಳು. ತೆಳು ಪ್ಲೈವುಡ್ ತಮಟೆಯ ಹಾಗೆ ಅದುರುತ್ತಿತ್ತು. ಆಗ 12 ಮಿ.ಮೀ. ಪ್ಲೈವುಡ್ಡಿನ 300×300 ತುಂಡೊಂದನ್ನು 280 ಯೆನ್‌ಗೆ ತಂದು, ನಾಲ್ಕು ಮೂಲೆಗೆ 19 ಮಿ.ಮೀ. ಮರದ ಚೂರು ಕೊಟ್ಟು, ಬಾಗಿಲಿಂದ ಅಷ್ಟು ಎತ್ತರಿಸಿ ಕೂರಿಸಿದೆ. ಗುಂಡು ಈಗ ದಪ್ಪ ತುಂಡಿಗೆ ಬಡಿಯುತ್ತೆ, ಅದರ ಹಿಂದೆ ಪೊಳ್ಳು.

ಧಬ್. ಧಬ್. ಧಬ್.

ಅಡುಗೆಮನೆಯಲ್ಲಿದ್ದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ‘ರೀ, ಯಾರೋ ಬಂದ್ರು ನೋಡಿ’ ಅಂದಳು. ಅಲ್ಲಿಗೆ ಸದ್ದಿನ ಕೆಲಸ ಮುಗಿಯಿತು.

ಇದರಲ್ಲಿ ಮೂರು ಸಣ್ಣ ವಿಷಯ ಮುಖ್ಯ. ದಾರವನ್ನು ಕೀಲಿನ ಅಂಚಿನ ಮೂಲಕವೇ ತರಬೇಕು, ಆಗ ಬಾಗಿಲು ತೆಗೆದರೂ ದಾರ ಬಿಗಿಯಾಗುವುದಿಲ್ಲ. ಅಡುಗೆಯ ಹತ್ತಿದಾರ ಒಂದು ಸಂಜೆಯ ಅಭ್ಯಾಸಕ್ಕೇ ಸವೆದು ಕಿತ್ತುಹೋಯಿತು, ಆಮೇಲೆ ಮೀನು ಹಿಡಿಯುವ ನೈಲಾನ್ ದಾರ ಹಾಕಿದೆ. ಗುಂಡು ಬಡಿದು ಪುಟಿದು ‘ಧಬ್ ಟಕಟಕ’ ಅನ್ನುತ್ತಿತ್ತು. ಅದಕ್ಕೆ ಗುಂಡಿನ ಕೆಳಗೆ ಕೋಲು ತಾಗುವ ಕಡೆ ಒಂದು ಚೂರು ಫೆಲ್ಟ್ ಅಂಟಿಸಿದ ಮೇಲೆ ನಿಂತಿತು.

ಮೋಟರ್ ಇದ್ದಿದ್ದರೆ ಪ್ರತಿ ಸಲವೂ ಒಂದೇ ಲೆಕ್ಕದಲ್ಲಿ ತಟ್ಟುತ್ತಿತ್ತು. ದಾರ ಹಿಡಿದ ಮನುಷ್ಯ ಮಗುವಿನ ಉಸಿರು ಕೇಳಿ ತಟ್ಟುತ್ತಾನೆ. ಹೆದರಿದ ಮಗುವಿಗೆ ಮೆಲ್ಲಗೆ, ಧೈರ್ಯದವರಿಗೆ ತಡಮಾಡಿ. ಇದು ಹಬ್ಬದ ದಿನ ಚೆನ್ನಾಗಿ ಗೊತ್ತಾಯಿತು.

ರಾತ್ರಿ 8ರವರೆಗೆ ಅಭ್ಯಾಸ ಮಾಡಿದ್ದು ಮಾತ್ರ ನನ್ನ ತಪ್ಪು. ಕೆಳಗಿನ ಮನೆಯ ಮಗುವಿನ ನಿದ್ದೆ ಕೆಟ್ಟಿತ್ತು. ಮರುದಿನ ಸಿಹಿ ತಗೊಂಡು ಹೋಗಿ ಕ್ಷಮೆ ಕೇಳಿ ಬಂದೆ. ಆಮೇಲಿನ ಅಭ್ಯಾಸವೆಲ್ಲ ಹಗಲು, ಗುಂಡಿಗೆ ಕಾಲುಚೀಲ ಹಾಕಿ.

ಅಕ್ಟೋಬರ್ 19: ಬಣ್ಣ, ಅಚ್ಚು

ಹೊರಬದಿಗೆ ಕಪ್ಪುಹಲಗೆಯ ಬಣ್ಣ, ನೀರಿನದು, 1,300 ಯೆನ್. ಎರಡು ಕೈ ಬಳಿದೆ. ಮುಟ್ಟಿದರೆ ಒಣಗಿತ್ತು. ಸಂಜೆಯೇ ಮಗಳ ಕೈಯಲ್ಲಿ ಬರೆಸಿ ನೋಡಿದೆ. ಸೀಮೆಸುಣ್ಣ ಬಣ್ಣದೊಳಗೆ ಕಚ್ಚಿಕೊಂಡು ಗೀರು ಬಿತ್ತು, ಅಳಿಸಿದರೆ ಹೋಗಲಿಲ್ಲ. ಮೇಲೆ ಮುಟ್ಟಿದರೆ ಒಣಗಿದ್ದು ಬೇರೆ, ಒಳಗೆ ಗಟ್ಟಿಯಾಗುವುದು ಬೇರೆ. ಮತ್ತೊಂದು ಕೈ ಬಳಿದು ಮೂರು ದಿನ ಮುಟ್ಟದೆ ಬಿಟ್ಟೆ. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಹಲಗೆಗೆ ಉಜ್ಜಿ, ಒರೆಸಿ, ಆಮೇಲಷ್ಟೇ ಬರೆದದ್ದು. ಅಷ್ಟು ಮಾಡಿದರೆ ಅಕ್ಷರ ಸಲೀಸಾಗಿ ಅಳಿಯುತ್ತೆ.

ಅಕ್ಷರಕ್ಕೆ ಅಚ್ಚು ಬೇಕಿತ್ತು. ಕನ್ನಡ ಬಾರದ ಮಗುವಿಗೆ ಕತ್ತಲಲ್ಲಿ ‘ಳೆ’ ಬರೆಯುವುದು ಕಷ್ಟ. ನೂರು ಯೆನ್ ಅಂಗಡಿಯ ಕ್ಲಿಯರ್ ಫೈಲಿನಲ್ಲಿ, ಅಂದರೆ ತೆಳು ಪ್ಲಾಸ್ಟಿಕ್ ಫೋಲ್ಡರಿನಲ್ಲಿ, 12 ಸೆಂ.ಮೀ. ಎತ್ತರದ ಅಕ್ಷರ ಕೊರೆದೆ. ಮೊದಲ ಸಲ ಸುಳಿಯೊಳಗಿನ ತುಂಡುಗಳೆಲ್ಲ ಉದುರಿಹೋದವು. ಎರಡನೇ ಸಲ ಅಲ್ಲಲ್ಲಿ 4 ಮಿ.ಮೀ. ಸೇತುವೆ ಬಿಟ್ಟು ಕೊರೆದೆ. ಬರೆಯುವಾಗ ಹಲಗೆ ಬಾಗದಿರಲಿ ಅಂತ ನಡುವಿನ ಅಡ್ಡಪಟ್ಟಿಯನ್ನು ಬಿಚ್ಚಿ ಅಚ್ಚಿನ ಹಿಂದಕ್ಕೇ ಬರುವಂತೆ ಇಳಿಸಿದೆ. ನೆಲದಿಂದ 90ರಿಂದ 115 ಸೆಂ.ಮೀ. ನಡುವೆ ಬರೆಯುವ ಜಾಗ. ಮೊದಲು 130ಕ್ಕೆ ಇಟ್ಟಿದ್ದೆ, ನನ್ನ ಎದೆಯ ಎತ್ತರಕ್ಕೆ. ಬರೆಯುವವರು ಮಕ್ಕಳು ಅನ್ನುವುದು ಮರೆತೇಹೋಗಿತ್ತು.

ಅಕ್ಟೋಬರ್ 20: ನಿಲ್ಲಿಸುವುದು

ಕಾಲುಗಳಿಗೆ 600 ಮಿ.ಮೀ. ಪಟ್ಟಿ ಕೊಟ್ಟಿದ್ದೆ. ಬಾಗಿಲು ಮುಚ್ಚಿದ್ದಾಗ ಬಂಡೆಯ ಹಾಗಿತ್ತು. ಪೂರ್ತಿ ತೆಗೆದ ಕೂಡಲೇ ಇಡೀ ಚೌಕಟ್ಟು ಆ ಕಡೆ ವಾಲಿತು. ಕೈ ಕೊಟ್ಟು ಹಿಡಿದೆ. ಅವತ್ತು ಮಗಳು ಹತ್ತಿರ ಇರಲಿಲ್ಲ ಅನ್ನುವುದೊಂದೇ ಸಮಾಧಾನ. ಬಾಗಿಲು ಕಟ್ಟುವವರು ದಯವಿಟ್ಟು ತೆಗೆದ ಸ್ಥಿತಿಯಲ್ಲಿ ಪರೀಕ್ಷೆ ಮಾಡಿ, ಮುಚ್ಚಿದಾಗ ಅಲ್ಲ. ಇನ್ನೆರಡು ಪಟ್ಟಿ ತಂದು ಕಾಲನ್ನು 900ಕ್ಕೆ ಉದ್ದ ಮಾಡಿದೆ. ಪ್ರತಿ ಕಾಲಿನ ಮೇಲೆ ನೀರು ತುಂಬಿದ 2 ಲೀಟರ್ ಬಾಟಲಿ ಮೂರು ಮೂರು, ಒಟ್ಟು 12 ಕೆ.ಜಿ., ಕಪ್ಪು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದು. ಆಮೇಲೆ ನಾನೇ ಹಿಡಿ ಹಿಡಿದು ಎಳೆದರೂ ಅಲುಗಲಿಲ್ಲ.

ಅಕ್ಟೋಬರ್ 26: ಆ ಸಂಜೆ

ಬೆಳಿಗ್ಗೆಯೇ ಒಂದು ಎಡವಟ್ಟು. ಜೋಡಿಸಿಟ್ಟ ಚೌಕಟ್ಟು ನಮ್ಮ ಮನೆಯ ಗೆಂಕಾನ್ ತಿರುವಿನಲ್ಲಿ, ಅಂದರೆ ಚಪ್ಪಲಿ ಬಿಡುವ ಜಾಗದಲ್ಲಿ, ಹೊರಳಲಿಲ್ಲ. 22 ಸ್ಕ್ರೂ ಬಿಚ್ಚಿ, ಹಾಲಿಗೆ ಹೊತ್ತು, ಮತ್ತೆ ಜೋಡಿಸಿದೆವು. ದಾವಣಗೆರೆಯ ಗೆಳೆಯ ಜೊತೆಗಿದ್ದ. ‘ಗುರೂ, ಮುಂದಿನ ಸಲ ಇಲ್ಲೇ ಬಂದು ಜೋಡ್ಸೋಣ’ ಅಂದ. ಅವನ ಮಾತು ನಿಜ. ನೆಲಕ್ಕೆ ಹಸಿರು ಯೋಜೊ ಟೇಪ್, ಕಿತ್ತರೆ ಅಂಟು ಉಳಿಯುವುದಿಲ್ಲ. ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಐರಿಶ್ ಅಣ್ಣನ ಟರ್ನಿಪ್‌ಗಳೊಳಗೂ ಎಲ್‌ಇಡಿ ದೀಪ.

ಈಗ ಹೇಳಬೇಕಾದ ದೊಡ್ಡ ತಪ್ಪು. ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತೆ ಅಲ್ವಾ. ಅದಕ್ಕೆ ನಾನು ಹನ್ನೊಂದು ತಾಯಂದಿರ ದನಿ ರೆಕಾರ್ಡ್ ಮಾಡಿದ್ದೆ. ಪ್ರತಿಯೊಬ್ಬರೂ ತಮ್ಮ ಮಗುವನ್ನು ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಒಂದೇ ಸಲ ಕರೆದಿದ್ದರು. ಬ್ಲೂಟೂತ್ ಸ್ಪೀಕರ್ ನಡುನಡುವೆ ನಿದ್ದೆಹೋಗಿ ಹೆಸರಿನ ಮೊದಲ ಅಕ್ಷರ ನುಂಗುತ್ತಿತ್ತು, ಅದಕ್ಕೆ ವೈರ್ ಹಾಕಿ ಸರಿಮಾಡಿದ್ದೆ. ತಾಂತ್ರಿಕವಾಗಿ ಎಲ್ಲ ಸರಿಯಿತ್ತು.

ಮೂರನೆಯವನಾಗಿ ಬಂದದ್ದು ಐದು ವರ್ಷದ ಹುಡುಗ. ಕತ್ತಲಿನಿಂದ ಅವನ ಅಮ್ಮನ ದನಿ ಬಂತು. ಅವನು ಹೆದರಲಿಲ್ಲ. ಅಮ್ಮ ಆಚೆ ಸಿಕ್ಕಿಹಾಕಿಕೊಂಡಿದ್ದಾಳೆ ಅಂದುಕೊಂಡ. ಬಾಗಿಲು ತಳ್ಳಿಕೊಂಡು ಓಡಿ, ಕಪ್ಪು ಪರದೆಯಲ್ಲಿ ಹುಡುಕುತ್ತಾ ಅತ್ತ. ಅಮ್ಮ ಓಡಿ ಬಂದು ಎತ್ತಿಕೊಂಡ ಮೇಲೂ ತುಂಬ ಹೊತ್ತು ಬಿಕ್ಕುತ್ತಿದ್ದ. ನನಗೆ ಕೈಕಾಲು ಆಡಲಿಲ್ಲ. ಸ್ಪೀಕರ್ ಅಲ್ಲೇ ಕಿತ್ತೆ. ಆ ತಾಯಿ ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಅದು ನನ್ನದೇ ತಪ್ಪು. ಆ ಕಥೆ ನಮ್ಮನ್ನು ಹೆದರಿಸಿದ್ದು ನಾವು ಎಂಟು ಹತ್ತು ವರ್ಷದವರಾಗಿದ್ದಾಗ, ಪಕ್ಕದಲ್ಲಿ ಅಜ್ಜಿ ಕೂತಿದ್ದಾಗ. ಅಮ್ಮನ ದನಿಯನ್ನು ಚಿಕ್ಕ ಮಕ್ಕಳ ಆಟಕ್ಕೆ ಬಳಸಬೇಡಿ. ದೊಡ್ಡವರಿಗೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಟ್ಟುವ ಸದ್ದೇ ಸಾಕು.

ಅರ್ಧ ಗಂಟೆಯ ನಂತರ ಅದೇ ಹುಡುಗ ಅಮ್ಮನ ಕೈ ಹಿಡಿದು ಬಂದು, ತಾನೂ ಬರೆಯುತ್ತೇನೆ ಅಂದ. ಪರದೆ ಸರಿಸಿ, ದಾರ, ಕೋಲು, ಗುಂಡು ಎಲ್ಲ ತೋರಿಸಿದೆ. ತಾನೇ ದಾರ ಎಳೆದು ನಾಲ್ಕು ಸಲ ತಟ್ಟಿದ. ಆಮೇಲೆ ಅಚ್ಚು ಹಿಡಿದು ಬರೆದ.

ಉಳಿದ ಮಕ್ಕಳಿಗೆ ತಲಾ ಐದು ನಿಮಿಷ. ಮೂರು ಸಲ ಧಬ್. ಮಗು ಬಾಗಿಲು ತೆಗೆಯುತ್ತೆ. ಹೊರಗೆ ಯಾರೂ ಇಲ್ಲ. ಹಿಂದೆ ಕಾಯುತ್ತಿರುವ ಮಕ್ಕಳೆಲ್ಲ ‘ನಾಳೆ ಬಾ! ನಾಳೆ ಬಾ!’ ಅಂತ ಕೂಗುತ್ತಿರುತ್ತವೆ. ಫಿಲಿಪಿನೊ ಹುಡುಗಿಯರ ಬಾಯಲ್ಲಿ ‘ನಾಲೆ ಬಾ’. ಬರೆದು ಬಾಗಿಲು ಹಾಕಿದ ಮೇಲೆ ಸದ್ದು ನಿಲ್ಲುತ್ತೆ. ಬಾಗಿಲ ಕೆಳಗಿನ ಸಂದಿನಿಂದ ಕೊಬ್ಬರಿ ಮಿಠಾಯಿಯ ಪೊಟ್ಟಣ ಜಾರಿ ಬರುತ್ತೆ. ಕಡಲೆಬೀಜ ಒಗ್ಗದ ಮಕ್ಕಳು ಇಬ್ಬರಿದ್ದರು, ಅದಕ್ಕೇ ಚಿಕ್ಕಿ ಮಾಡಲಿಲ್ಲ.

ಮೊದಲ ಮಗುವಿನ ನಂತರ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಲಗೆ ತೇವವಾಗಿ ಎರಡನೆಯವಳ ಸೀಮೆಸುಣ್ಣ ಹತ್ತಲಿಲ್ಲ. ಆಮೇಲೆ ಒಣ ಡಸ್ಟರ್ ಮಾತ್ರ. ಹತ್ತು ಮಕ್ಕಳಾಗುವ ಹೊತ್ತಿಗೆ ಹಳೆಯ ಅಕ್ಷರಗಳ ನೆರಳು ಒಂದರ ಮೇಲೊಂದು ಉಳಿಯತೊಡಗಿತು. ವಠಾರದ ಬಾಗಿಲುಗಳು ಇದ್ದದ್ದೂ ಹಾಗೇ, ದಿನಾ ಬರೆದು ಬರೆದು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಖರ್ಚು

ಪ್ಲಾದಾನ್ 900, ಲವಾನ್ 1,380, ದಪ್ಪ ತುಂಡು 280, ಪಟ್ಟಿ ಎಂಟು 3,600, ಕೊಯ್ತ 500, ಬಣ್ಣ 1,300, ಕೀಲು ಮತ್ತು ಸ್ಕ್ರೂ 640, ಸರ್ವೊ 1,000, ಸೊಲೆನಾಯ್ಡ್ 1,200, ಎಲ್ ಬ್ರ್ಯಾಕೆಟ್ ನಾಲ್ಕು 440, ನೂರು ಯೆನ್ ಅಂಗಡಿಯ ಸಾಮಾನು ಎಂಟು 880. ತೆರಿಗೆ ಸೇರಿ ಅಲ್ಲಿ ಒಂದಕ್ಕೆ 110. ಒಟ್ಟು 12,120 ಯೆನ್, ಸುಮಾರು 6,700 ರೂಪಾಯಿ. ಇದರಲ್ಲಿ 3,100 ಯೆನ್ ಬಳಕೆಗೆ ಬಾರದೆ ಹೋಯಿತು. ಗರಗಸದ ಅಲಗು ಇದರಲ್ಲಿ ಸೇರಿಲ್ಲ.

ನವೆಂಬರ್ 3: ಬಾಕಿ ಕೆಲಸ

ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂದಿತ್ತು. ಎಣ್ಣೆಸ್ನಾನದ ಗಡಿಬಿಡಿ, ಮರುದಿನ ರಾಜ್ಯೋತ್ಸವ. ಬಾಗಿಲನ್ನು ಬಾಲ್ಕನಿಯಲ್ಲಿ ಒರಗಿಸಿಟ್ಟಿದ್ದೆ. ಅಲ್ಲಿ ಇಡುವಂತಿಲ್ಲ. ಬೆಂಕಿ ಬಿದ್ದರೆ ಪಕ್ಕದ ಮನೆಯವರು ನಡುವಿನ ತೆಳು ಗೋಡೆ ಒಡೆದು ಓಡುವ ದಾರಿ ಅದು. ಇದನ್ನು ಅಮೆರಿಕನ್ ಗೆಳೆಯ ನೆನಪಿಸಿದ, ಆ ಕ್ಷಣವೇ ಒಳಗೆ ತಂದೆ.

ಎಸೆಯಲು ಮನಸ್ಸಿಲ್ಲ. 30 ಸೆಂ.ಮೀ. ಮೀರಿದ್ದು ಇಲ್ಲಿ ದೊಡ್ಡ ಕಸ, ಮೊದಲೇ ದಿನ ಗೊತ್ತುಮಾಡಿ, ಸ್ಟಿಕ್ಕರ್ ಕೊಂಡು ಅಂಟಿಸಬೇಕು. ಅದಕ್ಕಿಂತ ಒಶಿಇರೆಯಲ್ಲಿ, ಹಾಸಿಗೆ ಇಡುವ ಗೋಡೆ ಬೀರುವಿನಲ್ಲಿ, ಇಡೋಣ ಅಂದುಕೊಂಡೆ. ಅದರ ಒಳ ಅಗಲ 1,720. ಬಾಗಿಲು 1,790. 70 ಮಿ.ಮೀ. ಜಾಸ್ತಿ.

ಹಾಗಾಗಿ ಮುಂದಿನ ಶನಿವಾರ ಕೆಳಗಿನಿಂದ 700ಕ್ಕೆ ಅಡ್ಡ ಕೊಯ್ದು, 50 ಮಿ.ಮೀ. ಕೀಲು ಎರಡು ಹಾಕಿ ಮಡಚುವ ಹಾಗೆ ಮಾಡಬೇಕು. ಈ ಸಲ ಎಳೆದೇ ಕೊಯ್ಯುತ್ತೇನೆ. 700ಕ್ಕೆ ಕೊಯ್ದರೆ ಬರೆಯುವ ಜಾಗಕ್ಕೆ ಪೆಟ್ಟಾಗುವುದಿಲ್ಲ. ಐರಿಶ್ ಮನೆಯ ಹುಡುಗಿ ಆ ದಿನ ಕೊನೆಯವಳಾಗಿ ಅಚ್ಚಿಲ್ಲದೆ ಬರೆದ ‘ನಾಳೆ ಬಾ’ ಅಲ್ಲಿ ಇನ್ನೂ ಹಾಗೇ ಇದೆ, ‘ಳೆ’ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಕೊಯ್ಯುವ ಮೊದಲು ಅದರ ಮೇಲೆ ಹಾಳೆ ಮುಚ್ಚಿ ಟೇಪ್ ಹಾಕಬೇಕು, ಮರದ ಹೊಟ್ಟು ಕೂತರೆ ಒರೆಸುವಾಗ ಅಳಿಸಿಹೋಗುತ್ತೆ.